ವೈವಾ ಮುಗಿಯಿತು, ಇನ್ನು ಥ್ಯಾಂಕ್ಸ್ ಹೇಳುವ ಸರದಿ

ನನ್ನ ಪಿಎಚ್‌ಡಿ ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ, ಮುಗಿಯಿತು. ಮನುಷ್ಯರ ಕರುಳಿನ ಕೋಶಗಳನ್ನು ಇನ್‌ಫ್ರಾರೆಡ್ ಅನ್ನುವ ಕಣ್ಣಿಗೆ ಕಾಣದ ಬೆಳಕಿನಲ್ಲಿ ನೋಡುವುದು ನನ್ನ ವಿಷಯ. ಫೋನು, ಮೆಸೇಜು ಮಾಡಿದ ಎಲ್ಲರಿಗೂ ಉತ್ತರ ಕೊಡಲು ಆಗಿಲ್ಲ, ಬೇಜಾರು ಮಾಡ್ಕೋಬೇಡಿ. ಪ್ರಬಂಧದ ಮೊದಲ ಪುಟದಲ್ಲಿ ಗೈಡ್, ವಿಭಾಗದ ಮುಖ್ಯಸ್ಥರು, ಫೆಲೋಶಿಪ್ ಅಂತ ಒಂದು ಕ್ರಮ ಇರುತ್ತದಲ್ಲ, ಅದರಲ್ಲಿ ಜಾಗ ಸಿಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

"ಮನುಷ್ಯರ ಕರುಳಾ? ಎಲ್ಲಿಂದ ತರ್ತೀಯೇ?" ಅಂತ ನಮ್ಮ ಸೋದರತ್ತೆ ಊಟದ ಮಧ್ಯೆಯೇ ಕೇಳಿದ್ದರು. ಕರುಳಲ್ಲ ಅತ್ತೆ, ಕರುಳಿನ ಕೋಶ. ಹೆಸರು ಕಾಕೊ-2. 1970ರ ದಶಕದಲ್ಲಿ ಅಮೆರಿಕದಲ್ಲಿ 72 ವರ್ಷದ ಒಬ್ಬ ರೋಗಿಯ ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆಯಿಂದ ತೆಗೆದದ್ದು, ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇದೆ. ತಟ್ಟೆ ತುಂಬಿದ ಮೇಲೆ ಸುಮ್ನೆ ಆಹಾರ ಬದಲಾಯಿಸುತ್ತಾ ಸುಮಾರು 21 ದಿನ ಬಿಟ್ಟರೆ, ಇವು ಸಣ್ಣ ಕರುಳಿನ ಒಳಪದರದ ಕೋಶಗಳ ಹಾಗೆ ನಡೆದುಕೊಳ್ಳುತ್ತವೆ. ನುಂಗಿದ ಔಷಧಿ ಕರುಳು ದಾಟಿ ರಕ್ತಕ್ಕೆ ಸೇರುತ್ತದೋ ಇಲ್ಲವೋ ಅಂತ ಪರೀಕ್ಷಿಸಲು ಇವನ್ನೇ ಬಳಸುತ್ತಾರೆ. ಆ ಹಿರಿಯರಿಗೆ ನನ್ನ ಮೊದಲ ನಮಸ್ಕಾರ.

ಈ ಕೋಶಗಳ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಯಾವ ಬೆಳಕನ್ನು ಎಷ್ಟು ಹೀರುತ್ತವೆ ಅಂತ ನೋಡುವುದು ನನ್ನ ಕೆಲಸ. ಬಣ್ಣ ಹಾಕಬೇಕಿಲ್ಲ. ಪ್ರೋಟೀನ್ 1650 ಮತ್ತು 1540ರ ಹತ್ತಿರ ಹೀರುತ್ತದೆ, ಕೊಬ್ಬು 2850 ಮತ್ತು 2920ರ ಹತ್ತಿರ. ಅಳತೆ, ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವುದು. ಎಳೆ ಕೋಶಕ್ಕೂ ಬಲಿತ ಕೋಶಕ್ಕೂ ಗ್ರಾಫಿನ ಗೆರೆ ಬೇರೆ ಬರುತ್ತದೆ. "ಹಾಗಾದ್ರೆ ಬೆಳಕು ಬಿಟ್ಟೇ ಕಾಯಿಲೆ ಹೇಳಬಹುದಾ?" ಅಂತ ತುಂಬಾ ಜನ ಕೇಳಿದರು. ನನ್ನ ಪ್ರಬಂಧ ನಂಬಿಕೊಂಡು ಯಾರೂ ಡಾಕ್ಟರ ಹತ್ತಿರ ಹೋಗುವುದು ಬಿಡಬೇಡಿ, ದಯವಿಟ್ಟು!

ನಮ್ಮ ದೊಡ್ಡ ಶತ್ರು ನೀರು. ಅದು 1640ರ ಹತ್ತಿರ, ಅಂದರೆ ಸರಿಯಾಗಿ ಪ್ರೋಟೀನಿನ ಜಾಗದಲ್ಲೇ ಹೀರುತ್ತದೆ. ಅದಕ್ಕೇ ಕೋಶಗಳನ್ನು ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಯ ಮೇಲೆ ಒಣಗಿಸಿ ನೋಡುತ್ತೇವೆ. ಮಾಮೂಲಿ ಗಾಜು ಆಗಲ್ಲ, ಅದು ಈ ಬೆಳಕನ್ನೇ ತಡೆಯುತ್ತದೆ. ಕೋಶ ಒಣಗಿತು, ಸರಿ. ಗಾಳಿಯನ್ನು ಏನು ಮಾಡೋದು? ಆಷಾಢದ ಜಡಿಮಳೆ ಹಿಡಿದರೆ ಹಾಸನದಲ್ಲಿ ಬಟ್ಟೆಯೇ ಒಣಗಲ್ಲ. ಗಾಳಿಯ ತೇವ ಗೆರೆಯ ಮಧ್ಯೆ ಗರಗಸದ ಹಲ್ಲಿನಂತೆ ಮೂಡುತ್ತಿತ್ತು. ಮಷೀನಿನೊಳಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಬೆಳಗ್ಗೆ ನೀಲಿ, ಸಂಜೆಗೆ ಗುಲಾಬಿ. ಲ್ಯಾಬ್ ಸಹಾಯಕಿ ಅಕ್ಕ ನಾನು ಹೇಳುವ ಮೊದಲೇ ಅದನ್ನು ಓವನ್ನಿನಲ್ಲಿ ಒಣಗಿಸಿ, ಮತ್ತೆ ನೀಲಿ ಮಾಡಿ ಇಟ್ಟಿರುತ್ತಿದ್ದರು. ಬಾಗಿಲು ತೆರೆದು ನಿಂತವರಿಗೆ ಬೈದದ್ದೂ ಅವರೇ. ಗೈಡ್‌ಗೂ ಬಿಟ್ಟಿಲ್ಲ. ಅಕ್ಕಾ, ನನ್ನ ಮೂರನೇ ಅಧ್ಯಾಯ ನಿಮ್ಮದು.

ಆಮೇಲೆ ನೈಟ್ರೋಜನ್ ಕಥೆ. ನಮ್ಮ ಮಷೀನಿನಲ್ಲಿ ಬೆಳಕು ಅಳೆಯುವ ಡಿಟೆಕ್ಟರ್ ತಣ್ಣಗಿರಲು ದ್ರವ ನೈಟ್ರೋಜನ್ ಬೇಕು, ಮೈನಸ್ 196 ಡಿಗ್ರಿಯದ್ದು. ಒಂದು ಸಲ ಬರಬೇಕಿದ್ದ ಗಾಡಿ ಬರಲೇ ಇಲ್ಲ, ಕೋಶ ನೋಡಿದರೆ ರೆಡಿ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರ ಹತ್ತಿರ, ಹೋರಿಯ ವೀರ್ಯ ಕೆಡದಂತೆ ಇಡಲು ಅದೇ ನೈಟ್ರೋಜನ್ ಇರುತ್ತದೆ ಅನ್ನೋದು ಅಪ್ಪನಿಗೆ ಹೊಳೆಯಿತು. ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿಕೊಂಡು ಅಲ್ಲಿಯ ಅಣ್ಣ ಒಬ್ಬರು ಬೈಕಿನಲ್ಲಿ ಸಣ್ಣ ಕ್ಯಾನು ಕಟ್ಟಿಕೊಂಡು ಬಂದರು. ಮರದ ಕಡ್ಡಿ ಇಳಿಸಿ, ಹೊರಗೆ ತೆಗೆದು ಆಡಿಸಿ, ಬೆಳ್ಳಗೆ ಹಿಮ ಕೂತ ಗುರುತು ನೋಡಿ, "ಇಷ್ಟು ಸಾಕಾ ಮೇಡಂ? ಜಾಸ್ತಿ ಕೊಟ್ರೆ ನಮ್ಮ ಹೋರಿಗಳು ಕೆಟ್ಟು ಹೋಗ್ತಾವೆ" ಅಂದರು. ಸಾಕಾಯಿತು ಅಣ್ಣ. ಪುಟ 88ರ ಚಿತ್ರ ಅವತ್ತಿನದೇ.

ರಾತ್ರಿ ಕರೆಂಟ್ ಹೋದಾಗ ಕೋಶ ಬೆಳೆಸುವ ಇನ್‌ಕ್ಯುಬೇಟರ್ 37 ಡಿಗ್ರಿಯಿಂದ ಇಳಿಯುವ ಮೊದಲೇ ಜನರೇಟರ್ ಹಾಕಿದ ವಾಚ್‌ಮನ್ ಅಣ್ಣನಿಗೆ, ಗೌರಿ ಹಬ್ಬಕ್ಕೆ ನಾನು ಊರಿಗೆ ಹೋದಾಗ ಕೋಶಗಳಿಗೆ ಮೀಡಿಯಾ (ಅವುಗಳ ಆಹಾರದ ದ್ರವ) ಬದಲಾಯಿಸಿದ ಜೂನಿಯರ್ ಹುಡುಗರಿಗೆ, "ಮದುವೆ ಯಾವಾಗ" ಅಂತ ಕೇಳಿದವರಿಗೆಲ್ಲ ನನ್ನ ಬದಲು ಉತ್ತರ ಕೊಟ್ಟ ಅಮ್ಮನಿಗೆ ಥ್ಯಾಂಕ್ಸ್.

ಈ ಭಾನುವಾರ ಬೇಲೂರಿನ ನಮ್ಮ ಮನೆಯಲ್ಲಿ ಊಟ. ಕಡುಬು ಇರುತ್ತದೆ. ಮೇಲೆ ಹೇಳಿದವರೆಲ್ಲ ಬರಲೇಬೇಕು, ಹನ್ನೆರಡೂವರೆ ಒಳಗೆ ಬಂದರೆ ಬಿಸಿಬಿಸಿ ಸಿಗುತ್ತದೆ.