ಸರ್ವರ್ ಎರಡಿದೆ ಸರಿ, ಯಾವುದು ಯಜಮಾನ ಅಂತ ತೀರ್ಮಾನ ಮಾಡೋದ್ಯಾರು?

ಮಾನ್ಯ ಸಂಪಾದಕರೇ,

ಮಾರ್ಚ್ ಕೊನೇ ವಾರ ಬೆಳೆ ಸಾಲ ನವೀಕರಣಕ್ಕೆ ಅಂತ ಸೊಸೈಟಿಗೆ ಹೋದ್ರೆ ‘ಸರ್ವರ್ ಡೌನ್, ನಾಳೆ ಬನ್ನಿ’ ಅನ್ನೋದು ನಮ್ಮ ಮಲೆನಾಡಿನೋರಿಗೆ ಹೊಸ ಮಾತೇನಲ್ಲ. ಇದರ ಬಗ್ಗೆ ನಿಮ್ಮ ಓದುಗರ ಪತ್ರಗಳಲ್ಲೂ ಬೈಗುಳ ಬರ್ತಾನೇ ಇರುತ್ತೆ, ಕೊನೆಗೆ ಎಲ್ಲರೂ ಕೊಡೋ ಸಲಹೆ ಮಾತ್ರ ಒಂದೇ, ಇನ್ನೊಂದು ಸರ್ವರ್ ತಗೊಳ್ಳಿ ಅಂತ. ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಮನೇಲೇ ಕೂತು ಡೇಟಾಬೇಸ್ ನೋಡ್ಕೊಳ್ಳೋ ಕೆಲಸ ಮಾಡೋನು, ಅದಕ್ಕೇ ಈ ಸಲಹೆ ಅರ್ಧಕ್ಕೇ ನಿಂತಿದೆ ಅಂತ ಹೇಳೋಣ ಅನ್ನಿಸ್ತು.

ನಾನು ಕಂಡ ಒಂದು ಸಂಘದಲ್ಲಿ (ಹೆಸರು ಬೇಡ) ಎರಡನೇ ಸರ್ವರ್ ಇತ್ತು ಮಾರಾಯ್ರೇ. ಮೊದಲನೇದರಲ್ಲಿ ಬರೆದಿದ್ದೆಲ್ಲ ಎರಡನೇದಕ್ಕೆ ಹೋಗ್ತಾನೂ ಇತ್ತು. ಮುಂಗಾರಿಗೆ ಮುಂಚಿನ ಸಿಡಿಲಿಗೆ ಮೊದಲನೇದರ ಪವರ್ ಸಪ್ಲೈ ಸುಟ್ಟೋಯ್ತು, ಎರಡನೇದು ಆರಾಮಾಗಿ ಓಡ್ತಾ ಇತ್ತು, ಅದರಲ್ಲಿ ಎಲ್ಲಾ ಲೆಕ್ಕ ಇತ್ತು, ಆದ್ರೆ ಅದು ಓದೋಕೆ ಮಾತ್ರ ಬಿಡೋ ಸ್ಥಿತಿಯಲ್ಲಿತ್ತು, ಅದನ್ನ ಯಜಮಾನನ ಜಾಗಕ್ಕೆ, ಅಂದ್ರೆ ಹೊಸ ಲೆಕ್ಕ ಬರೆಸ್ಕೊಳ್ಳೋ ಜಾಗಕ್ಕೆ, ಏರಿಸೋದು ಹೇಗೆ ಅಂತ ಅಲ್ಲಿದ್ದ ಯಾರಿಗೂ ಗೊತ್ತಿಲ್ಲ, ಗೊತ್ತಿದ್ದ ಮನುಷ್ಯ ಫೋನ್ ಎತ್ತಲಿಲ್ಲ. ಏರಿಸೋಕೆ ಬೇಕಾಗಿದ್ದು ಒಂದೇ ಒಂದು ಕಮಾಂಡು. ಜನ ಸಂಜೆ ತನಕ ಜಗಲಿ ಮೇಲೆ ಕೂತು ಎದ್ದು ಹೋದ್ರು.

ಇದು ಹೇಗೆ ನಡೆಯುತ್ತೆ ಅಂತ ಅಡಿಕೆ ಮಂಡಿ ಲೆಕ್ಕದಲ್ಲೇ ಹೇಳ್ತೀನಿ. ಮಂಡಿಯಲ್ಲಿ ಏನೇ ವ್ಯವಹಾರ ಆದ್ರೂ ಮೊದಲು ಕಿರ್ದಿಗೆ ಹತ್ತುತ್ತೆ, ಆಮೇಲೆ ಖಾತೆಗೆ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸೂ ಹಾಗೇನೇ, ಮೊದಲು ವಾಲ್ ಅನ್ನೋ ಕಿರ್ದಿಗೆ ಬರೆದು ಆಮೇಲೆ ತನ್ನ ಟೇಬಲ್ ಫೈಲ್‌ಗೆ ಹಾಕುತ್ತೆ. ರೆಪ್ಲಿಕೇಶನ್ ಅಂದ್ರೆ ಆ ಕಿರ್ದಿಯ ಸಾಲುಗಳನ್ನ ಬರೀತಾ ಬರೀತಾನೇ ಇನ್ನೊಂದು ಊರಿನ ಗುಮಾಸ್ತನಿಗೆ ಕಳಿಸೋದು, ಅವನು ಅಲ್ಲಿ ತನ್ನ ಖಾತೆ ಹೊಂದಿಸಿಕೊಳ್ತಾ ಹೋಗ್ತಾನೆ. 2010ರಲ್ಲಿ ಬಂದ 9.0ನೇ ಆವೃತ್ತಿಯಿಂದ ಈ ಸೌಕರ್ಯ ಪುಕ್ಕಟೆ ಸಿಗ್ತಿದೆ. ಆದ್ರೆ ಯಜಮಾನ ಸತ್ತಿದಾನೆ ಅಂತ ಕಂಡುಹಿಡಿದು ಗುಮಾಸ್ತನನ್ನ ಗಾದಿ ಮೇಲೆ ಕೂರಿಸೋ ಕೆಲಸ ಪೋಸ್ಟ್‌ಗ್ರೆಸ್ ತಾನಾಗಿ ಮಾಡಲ್ಲ, ಅದಕ್ಕೆ ಪ್ಯಾಟ್ರೋನಿ, ರೆಪ್‌ಎಂಜಿಆರ್ ಥರದ ಬೇರೆ ಸಾಫ್ಟ್‌ವೇರ್ ಹಾಕ್ಬೇಕು, ಅವೂ ಪುಕ್ಕಟೆನೇ. ಎಷ್ಟೋ ಟೆಂಡರ್‌ಗಳಲ್ಲಿ ‘ರೆಪ್ಲಿಕೇಶನ್ ಇರತಕ್ಕದ್ದು’ ಅಂತ ಬರೆದು ಮುಗಿಸಿಬಿಡ್ತಾರೆ, ಈ ಎರಡನೇ ಭಾಗ ಯಾರ ತಲೆಗೂ ಹೋಗಿರಲ್ಲ.

ಈಗ ಅಸಲಿ ತಲೆನೋವಿಗೆ ಬರ್ತೀನಿ. ಶಿವಮೊಗ್ಗದಲ್ಲಿ ಒಂದು ಸರ್ವರ್, ತೀರ್ಥಹಳ್ಳಿಯಲ್ಲಿ ಇನ್ನೊಂದು ಅಂತಿಟ್ಕೊಳ್ಳಿ. ಮಂಡಗದ್ದೆ ಹತ್ರ ಮರ ಬಿದ್ದು ಕೇಬಲ್ ಕಟ್ಟಾಯ್ತು. ತೀರ್ಥಹಳ್ಳಿಯದಕ್ಕೆ ಶಿವಮೊಗ್ಗದ್ದು ಕಾಣಿಸ್ತಿಲ್ಲ. ಅದು ಸತ್ತಿದ್ಯೋ, ನಡುವಿನ ಲೈನ್ ಮಾತ್ರ ಹೋಗಿದ್ಯೋ? ಇಬ್ಬರೇ ಇದ್ದಾಗ ಇದನ್ನ ತಿಳಿಯೋ ದಾರಿನೇ ಇಲ್ಲ. ಸತ್ತಿದೆ ಅಂದ್ಕೊಂಡು ತೀರ್ಥಹಳ್ಳಿಯದು ತಾನೇ ಯಜಮಾನ ಆಗಿಬಿಟ್ರೆ, ಶಿವಮೊಗ್ಗದ್ದೂ ಬದುಕಿದ್ರೆ, ಎರಡೂ ಕಡೆ ಬೇರೆ ಬೇರೆ ಕಿರ್ದಿ ಶುರುವಾಗುತ್ತೆ, ಒಂದೇ ರಶೀದಿ ನಂಬರ್ ಇಬ್ಬರು ಸದಸ್ಯರಿಗೆ ಹೋಗುತ್ತೆ, ಒಂದು ಕಡೆ ಸಾಲ ತೀರಿರುತ್ತೆ ಇನ್ನೊಂದು ಕಡೆ ಬಾಕಿ ಇರುತ್ತೆ. ಇದಕ್ಕೆ ಸ್ಪ್ಲಿಟ್ ಬ್ರೇನ್ ಅಂತಾರೆ. ಲೈನ್ ವಾಪಸ್ ಬಂದ ಮೇಲೆ ಎರಡು ಕಿರ್ದಿನೂ ಕೂಡಿಸಿ ಕೊಡೋ ಬಟನ್ ಯಾವುದೂ ಇಲ್ಲ, ಮನುಷ್ಯರೇ ಕೂತು ಒಂದೊಂದೇ ಸಾಲು ನೋಡ್ಬೇಕು. ಅದಕ್ಕಿಂತ ಒಂದು ದಿನ ಸರ್ವರ್ ಬಿದ್ದಿರೋದೇ ವಾಸಿ ಅಂತೀನಿ ನಾನು.

ಅದಕ್ಕೇ ಮೂರನೇ ವೋಟು ಬೇಕು. ಪ್ಯಾಟ್ರೋನಿ ಜೊತೆಗೆ ಸಾಮಾನ್ಯವಾಗಿ ಎಟ್‌ಸಿಡಿ ಅನ್ನೋ ಚಿಕ್ಕ ಸಾಫ್ಟ್‌ವೇರನ್ನ ಮೂರು ಕಡೆ ಓಡಿಸ್ತಾರೆ, ಮೂರರಲ್ಲಿ ಎರಡು ಒಪ್ಪಿದ್ರೆ ಮಾತ್ರ ತೀರ್ಮಾನ. ಎರಡೇ ಇದ್ರೆ ಬಹುಮತಕ್ಕೆ ಎರಡೂ ಬೇಕು, ಒಂದು ಹೋದ್ರೂ ತೀರ್ಮಾನ ನಿಂತೋಗುತ್ತೆ, ಹಾಗಾಗಿ ಎರಡು ಇಟ್ರೆ ಒಂದಿಟ್ಟಿದ್ದಕ್ಕಿಂತ ಏನೂ ಲಾಭ ಇಲ್ಲ. ಯಜಮಾನ ಸರ್ವರ್ 10 ಸೆಕೆಂಡಿಗೊಂದ್ಸಲ ‘ನಾನಿದೀನಿ’ ಅಂತ ಅಲ್ಲಿ ಸಹಿ ಹಾಕ್ತಿರ್ಬೇಕು, ಆ ಸಹಿಗೆ 30 ಸೆಕೆಂಡ್ ಆಯುಸ್ಸು, ಇವು ಪ್ಯಾಟ್ರೋನಿ ಜೊತೆ ಬರೋ ಮಾಮೂಲಿ ಲೆಕ್ಕ, ಬೇಕಾದ್ರೆ ಬದಲಾಯಿಸ್ಕೋಬಹುದು. ಸಹಿ ಹಾಕೋಕಾಗದೇ ಹೋದ್ರೆ ಹಳೇ ಯಜಮಾನ ತಾನೇ ಕೆಳಗಿಳೀತಾನೆ, ನನಗೆ ಇದರಲ್ಲಿ ತುಂಬಾ ಇಷ್ಟ ಆಗೋದು ಇದೇ, ಅಧಿಕಾರ ಹೋದ ಮೇಲೂ ಕುರ್ಚಿ ಹಿಡ್ಕೊಂಡು ಕೂರೋ ಪದ್ಧತಿ ಇಲ್ಲ ಅಲ್ಲಿ. ಮೂರನೇದಕ್ಕೆ ದೊಡ್ಡ ಮೆಷಿನ್ ಬೇಡ, ಡೇಟಾ ಅಲ್ಲಿರಲ್ಲ, ವೋಟು ಮಾತ್ರ. ಡಿಸ್ಕ್ ತೀರಾ ನಿಧಾನದ್ದಾಗಿರಬಾರದು ಅಷ್ಟೆ. ಆದ್ರೆ ಅದು ಬೇರೆ ಊರಲ್ಲಿ, ಬೇರೆ ದಾರಿಯ ಲೈನಲ್ಲಿ ಇರ್ಬೇಕು. ಮೂರೂ ಒಂದೇ ರೂಮಲ್ಲಿ ಒಂದೇ ಯುಪಿಎಸ್ ಮೇಲಿದ್ರೆ ಅಥವಾ ಎರಡು ಕಂಪನಿಯ ಕೇಬಲ್ಲೂ ರಸ್ತೆ ಪಕ್ಕದ ಒಂದೇ ಗುಂಡಿಯಲ್ಲಿ ಮಲಗಿದ್ರೆ, ಒಂದು ಜೆಸಿಬಿ ಬಂದು ಎಲ್ಲಾ ವೋಟನ್ನೂ ಒಟ್ಟಿಗೇ ಎತ್ಕೊಂಡು ಹೋಗುತ್ತೆ.

ನಮ್ಮ ಕಡೆಗೇ ಹೇಳಿ ಮಾಡಿಸಿದ ಇನ್ನೊಂದು ಕಂಟಕ ಇದೆ, ಬೆಂಗಳೂರಲ್ಲಿ ಕೂತು ಸೆಟ್ಟಿಂಗ್ ಮಾಡೋರಿಗೆ ಇದು ಹೊಳೆಯೋದು ಕಮ್ಮಿ. ದೂರದ ಸರ್ವರ್‌ಗೋಸ್ಕರ ಮೊದಲನೇದರಲ್ಲಿ ರೆಪ್ಲಿಕೇಶನ್ ಸ್ಲಾಟ್ ಅಂತ ಇಟ್ಟಿರ್ತಾರೆ, ಅವನಿಗೆ ತಲುಪೋ ತನಕ ಹಳೇ ವಾಲ್ ಫೈಲ್ ಅಳಿಸ್ಬೇಡ ಅನ್ನೋ ಅಪ್ಪಣೆ ಅದು. ಒಳ್ಳೇದೇ. ಆದ್ರೆ ಆಗುಂಬೆ ಕಡೆ ಜುಲೈ ಮಳೆಗೆ ಲೈನ್ ಹೋದ್ರೆ ರಿಪೇರಿ ಆಗೋಕೆ ಎಷ್ಟು ದಿನ ಅಂತ ನಿಮಗೂ ಗೊತ್ತು, ಅಷ್ಟೂ ದಿನ ಫೈಲ್‌ಗಳು ಗುಡ್ಡೆ ಬೀಳ್ತಾ ಹೋಗಿ ಡಿಸ್ಕ್ ಭರ್ತಿಯಾದ್ರೆ ಚೆನ್ನಾಗಿದ್ದ ಮೊದಲನೇ ಸರ್ವರ್ರೇ ನಿಂತೋಗುತ್ತೆ. ಅಂದ್ರೆ ಕಾಪಾಡೋಕೆ ಅಂತ ಇಟ್ಟ ಎರಡನೇದರಿಂದಾನೇ ಮೊದಲನೇದು ಸಾಯೋದು. ಪೋಸ್ಟ್‌ಗ್ರೆಸ್‌ನ 2020ರ 13ನೇ ಆವೃತ್ತಿಯಿಂದ ಇದಕ್ಕೊಂದು ಮಿತಿ ಹಾಕೋ ಸೆಟ್ಟಿಂಗ್ ಬಂದಿದೆ, ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಅಂತ, ಆದ್ರೆ ನಾವಾಗಿ ಹಾಕದಿದ್ರೆ ಮಿತಿ ಇಲ್ಲ ಅಂತಲೇ ಅರ್ಥ. ಮಿತಿ ದಾಟಿದ್ರೆ ದೂರದ್ದನ್ನ ಮತ್ತೆ ಮೊದಲಿಂದ ನಕಲು ಮಾಡ್ಬೇಕಾಗುತ್ತೆ, ಆಗ್ಲಿ ಬಿಡಿ, ಕೌಂಟರ್ ಅಂತೂ ನಡೀತಿರುತ್ತಲ್ಲ.

ದುಡ್ಡಿನ ಲೆಕ್ಕಕ್ಕೆ ಸಿಂಕ್ರನಸ್ ಇಡಿ ಅಂತಲೂ ಕೆಲವರು ಹೇಳ್ತಾರೆ, ಅಂದ್ರೆ ಎರಡನೇದರಲ್ಲೂ ಬರೆದಾಯ್ತು ಅಂತ ಉತ್ತರ ಬರೋ ತನಕ ರಶೀದಿ ಪ್ರಿಂಟ್ ಆಗಲ್ಲ. ದೂರದ ಚಿಂತೆ ದೊಡ್ಡದಲ್ಲ, ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿ.ಮೀ., ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ, ಹೋಗಿ ಬರೋಕೆ 3 ಮಿಲಿಸೆಕೆಂಡು, ನಡುವಿನ ಸ್ವಿಚ್ಚು ರೂಟರ್ ಎಲ್ಲಾ ಸೇರಿ ಇನ್ನಷ್ಟು. ಕೌಂಟರಲ್ಲಿ ನಿಂತೋರಿಗೆ ಗೊತ್ತೂ ಆಗಲ್ಲ. ಆದ್ರೆ ಉತ್ತರ ಕೊಡ್ಬೇಕಾದ್ದು ಒಂದೇ ಇದ್ದು ಅದೂ ಬಿದ್ರೆ ಮೊದಲನೇದು ಕಾಯ್ತಾ ನಿಂತ್ಬಿಡುತ್ತೆ. ಸಿಂಕ್ರನಸ್ ಬೇಕು ಅಂದ್ರೆ ನಕಲು ಎರಡಿರ್ಲಿ, ಯಾವುದಾದ್ರೂ ಒಂದು ಹೂಂ ಅಂದ್ರೆ ಸಾಕು ಅಂತ ಹಾಕಿ.

ಇದೆಲ್ಲ ಹಳ್ಳಿ ಸೊಸೈಟಿ ಸಮಸ್ಯೆ ಅಂದ್ಕೋಬೇಡಿ. 2018ರ ಅಕ್ಟೋಬರ್ 21ರಂದು, ಪ್ರಪಂಚದ ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಕೊಳ್ಳೋ ಗಿಟ್‌ಹಬ್ ಅನ್ನೋ ವೆಬ್‌ಸೈಟಿನೋರ ಎರಡು ಜಾಗದ ನಡುವೆ ನೆಟ್‌ವರ್ಕ್ ಹೋಗಿದ್ದು ಬರೀ 43 ಸೆಕೆಂಡು, ಅಷ್ಟರಲ್ಲಿ ಯಜಮಾನಿಕೆ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ತಾನಾಗೇ ಹೋಯ್ತು, ಪೂರ್ವದಲ್ಲಿ ಬರೆದಿದ್ದು ಸ್ವಲ್ಪ ಪಶ್ಚಿಮಕ್ಕೆ ತಲುಪಿರಲಿಲ್ಲ, ಸರಿ ಮಾಡೋಕೆ 24 ಗಂಟೆ 11 ನಿಮಿಷ ಹಿಡೀತು. ಅದಕ್ಕೂ ಹಿಂದೆ 2017ರ ಜನವರಿ 31ರಂದು ಅಂಥದ್ದೇ ಇನ್ನೊಂದು ವೆಬ್‌ಸೈಟ್ ಗಿಟ್‌ಲ್ಯಾಬ್‌ನಲ್ಲಿ ಹಿಂದೆ ಬಿದ್ದ ನಕಲನ್ನ ಅಳಿಸೋಕೆ ಹೋಗಿ ಅಸಲನ್ನೇ ಅಳಿಸಿದ್ರು, ಬ್ಯಾಕಪ್ ನೋಡಿದ್ರೆ ಅದು ಸದ್ದಿಲ್ಲದೇ ಫೇಲ್ ಆಗ್ತಾ ಬಂದಿತ್ತು, ಸುಮಾರು 6 ಗಂಟೆಯ ಡೇಟಾ ಹೋಯ್ತು. ರೆಪ್ಲಿಕೇಶನ್ ಇದ್ಮೇಲೆ ಬ್ಯಾಕಪ್ ಯಾಕೆ ಅಂತ ಕೇಳೋ ಕಾರ್ಯದರ್ಶಿಗಳಿಗೆ ಒಂದು ಮಾತು, ಯಾರೋ ತಪ್ಪಿ ಟೇಬಲ್ ಅಳಿಸಿದ್ರೆ ಆ ಅಳಿಸಿದ್ದೂ ಕಣ್ಣುಮುಚ್ಚಿ ತೆಗೆಯೋದ್ರೊಳಗೆ ನಕಲಿಗೆ ಹೋಗಿರುತ್ತೆ.

ಸೆಪ್ಟೆಂಬರ್‌ನಲ್ಲಿ ಸರ್ವ ಸದಸ್ಯರ ಸಭೆಗಳು ನಡೀತಾವೆ. ಸದಸ್ಯರು ಲಾಭಾಂಶ ಎಷ್ಟು ಅಂತ ಕೇಳಿದ್ಮೇಲೆ ಇದನ್ನೂ ಕೇಳಿ: ಮೊದಲನೇ ಸರ್ವರ್ ಪ್ಲಗ್ ಕಿತ್ರೆ ಕೌಂಟರ್ ಎಷ್ಟು ನಿಮಿಷದಲ್ಲಿ ಮತ್ತೆ ಶುರುವಾಗುತ್ತೆ, ಕೊನೇ ಎಷ್ಟು ರಶೀದಿ ಕಳ್ಕೊಳ್ಳೋಕೆ ತಯಾರಿದೀರಿ, ಕೌಂಟರಿನ ಕಂಪ್ಯೂಟರುಗಳಿಗೆ ಹೊಸ ಯಜಮಾನನ ವಿಳಾಸ ತಾನಾಗೇ ಸಿಗುತ್ತೋ ಅಥವಾ ಹುಡುಗ ಒಬ್ಬ ಒಂದೊಂದೇ ಮೆಷಿನ್‌ಗೆ ಹೋಗಿ ಟೈಪ್ ಮಾಡ್ಬೇಕೋ, ಹಳೇ ಸರ್ವರ್ ರಿಪೇರಿ ಆಗಿ ಬಂದಾಗ ತಾನೇ ಯಜಮಾನ ಅಂತ ಹಠ ಹಿಡಿಯದಂಗೆ ಏನು ಮಾಡಿದೀರಿ. ಉತ್ತರ ಬಾಯಲ್ಲಿ ಬೇಡ. ಒಂದು ಭಾನುವಾರ ಬ್ಯಾಕಪ್ ತೆಗೆದಿಟ್ಟು, ಆಡಳಿತ ಮಂಡಳಿಯ ಇಬ್ಬರನ್ನ ಎದುರಿಗೆ ಕೂರಿಸ್ಕೊಂಡು, ನಿಜವಾಗ್ಲೂ ಪ್ಲಗ್ ಕಿತ್ತು ತೋರಿಸ್ಲಿ, ಗಡಿಯಾರ ನೋಡಿ ಬರ್ಕೊಳ್ಲಿ. ಅಡಿಕೆ ಕೊಯ್ಲಿನ ದುಡ್ಡು ಓಡಾಡೋಕೆ ಮುಂಚೆ, ಅಕ್ಟೋಬರ್ ಒಳಗೆ ಮಾಡಿದ್ರೆ ಎಡವಟ್ಟಾದ್ರೂ ಸರಿ ಮಾಡ್ಕೊಳ್ಳೋಕೆ ಮಾರ್ಚ್ ತನಕ ಟೈಮ್ ಇರುತ್ತೆ.

ಇಂತಿ,
ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು