ಪೋಡಿನ ಅರ್ಜಿಯನ್ನು ಪೋಡಿನವರೇ ಬರೆಯಲಿ: ಎಂಟು ಫೆಲೋಶಿಪ್‌ಗಳಿಗೆ ನಿಮ್ಮ ನೆರವು ಬೇಕು

ನಮಸ್ಕಾರ.

ಕಾಫಿ ಹಣ್ಣಾಗುವ ಕಾಲ ಬಂತೆಂದರೆ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗರ ಊರುಗಳಲ್ಲಿ, ಓದಿದ ಹುಡುಗ ಹುಡುಗಿಯರು ಬ್ಯಾಗು ಕಟ್ಟುತ್ತಾರೆ. ಕೊಡಗಿನ ತೋಟಗಳಲ್ಲಿ ದಿನಗೂಲಿ ಸಿಗುತ್ತದೆ. ಪಿಯುಸಿ ಆದವರು, ಡಿಗ್ರಿ ಮಾಡಿದವರು ಕೂಡ ಹೊರಡುತ್ತಾರೆ. ಹೋಗಬೇಡಿ ಅನ್ನಲು ನಾವ್ಯಾರು? ಮನೆ ನಡೆಯಬೇಕಲ್ವಾ? ಆದರೆ ಅವರು ಇಲ್ಲದ ತಿಂಗಳುಗಳಲ್ಲಿ ಪೋಡಿನಲ್ಲಿ ಗ್ರಾಮಸಭೆ ಸೇರಿದರೆ ನಡಾವಳಿ ಬರೆಯುವವರು ಸಿಗುವುದಿಲ್ಲ. ಕಚೇರಿಯಿಂದ ಬಂದ ಪತ್ರವನ್ನು ಓದಿ, ಅರ್ಥ ಹೇಳಿ, ಉತ್ತರ ಬರೆಯುವವರೂ ಇರುವುದಿಲ್ಲ.

ಎಂಟು ಮಂದಿ ಆದಿವಾಸಿ ಯುವಕ ಯುವತಿಯರು ಒಂದು ವರ್ಷ ಕೂಲಿಗೆ ಹೋಗದೆ ತಮ್ಮ ಊರಿನ ಕೆಲಸವನ್ನೇ ಮಾಡಲಿ ಎಂಬುದು ನಮ್ಮ ಟ್ರಸ್ಟಿನ ಆಸೆ. ಅದಕ್ಕಾಗಿ ಫೆಲೋಶಿಪ್, ಅಂದರೆ ತಿಂಗಳು ತಿಂಗಳು ಸಂಭಾವನೆ, ಕೊಡಬೇಕು. ಐದು ಮಂದಿ ಚಾಮರಾಜನಗರ ಜಿಲ್ಲೆಯ ಸೋಲಿಗರು, ಮೂವರು ಎಚ್.ಡಿ. ಕೋಟೆ ಹಾಡಿಗಳ ಜೇನುಕುರುಬರು. ಆ ಹಣಕ್ಕಾಗಿ ನಿಮ್ಮ ಮುಂದೆ ಬಂದಿದ್ದೇವೆ.

ಊರಿನ ಕೆಲಸ ಅಂದರೆ ಏನು ಎಂದು ಕೇಳಬಹುದು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಕಾಡಿನ ಹಕ್ಕಿನ ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಊರಿನವರೇ ಅರಣ್ಯ ಹಕ್ಕು ಸಮಿತಿ ಮಾಡಿಕೊಂಡು ಜಾಗ ನೋಡಬೇಕು, ನಕ್ಷೆ ಬರೆಯಬೇಕು, ಠರಾವು ಮಾಡಬೇಕು. ಆಮೇಲೆ ಉಪವಿಭಾಗ ಮಟ್ಟದ ಸಮಿತಿ, ಕೊನೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿಯೇ. ಹಳೆಯ ಬಾವಿ, ಸಮಾಧಿ, ದೇವರ ಜಾಗ, ಇವೂ ಸಾಕ್ಷಿ. ಕಾನೂನು ಇಷ್ಟು ಚೆನ್ನಾಗಿದೆ. ಆದರೆ ಹಿರಿಯರ ಬಾಯಲ್ಲಿ ಇರುವುದು ಕಾಗದಕ್ಕೆ ಇಳಿಯಬೇಕು. ಗ್ರಾಮಸಭೆಯ ಠರಾವು ಸರಿಯಿಲ್ಲ ಎನಿಸಿದರೆ 60 ದಿನದೊಳಗೆ ಮೇಲಿನ ಸಮಿತಿಗೆ ಬರೆದುಕೊಳ್ಳಬೇಕು. ಓದಿ ಹೇಳುವವರಿಲ್ಲದ ಊರಿನಲ್ಲಿ 60 ದಿನ ಸುಮ್ನೆ ಕಳೆದುಹೋಗುತ್ತದೆ.

ಇದನ್ನು ಸೋಲಿಗರು ಒಮ್ಮೆ ಮಾಡಿ ತೋರಿಸಿದ್ದಾರೆ. ಬೆಟ್ಟ ವನ್ಯಜೀವಿ ಧಾಮವಾದದ್ದು 1974ರಲ್ಲಿ. ಬೇಟೆ ನಿಂತಿತು, ಕಾಡಿನೊಳಗೆ ಜಾಗ ಬದಲಿಸಿ ಮಾಡುತ್ತಿದ್ದ ಬೇಸಾಯ ನಿಂತಿತು. 2004ರ ಆಚೀಚೆ ಜೇನು, ನೆಲ್ಲಿಕಾಯಿ, ಪಾಚಿ ತೆಗೆದು ಮಾರುವುದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ, ಅಂದರೆ ಕಾಡಿನ ಮೇಲೆ ಊರಿಗೆಲ್ಲ ಸೇರಿದ ಹಕ್ಕಿನ ಪತ್ರ, ಸಿಕ್ಕಿತು! ಹುಲಿ ಕಾಡಿನ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಅದು ಒಂದು ದಿನದಲ್ಲಿ ಆದದ್ದಲ್ಲ. ಸೋಲಿಗರಿಗೆ ತಮ್ಮ ಕಾಡು ಕುಲಕುಲಕ್ಕೂ ಹಂಚಿಕೊಂಡ ಎಲ್ಲೆಗಳ ಕಾಡು. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪೂಜೆಯ ಜಾಗಗಳಿವೆ. ಹಿರಿಯರು ಮುಂದೆ ನಡೆದರು, ಕಿರಿಯರು ಜಿಪಿಎಸ್ ಹಿಡಿದು ಹಿಂದೆ ನಡೆದರು. ಒಂದೊಂದೇ ಜಾಗ ನಕ್ಷೆಗೆ ಬಂತು. ಸೋಲಿಗ ಅಭಿವೃದ್ಧಿ ಸಂಘ ದುಡಿಯಿತು. ಸೋಲಿಗರೇ ಆದ ಡಾ. ಸಿ. ಮಾದೇಗೌಡರು ಪರಿಸರದ ಬಗ್ಗೆ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಈ ಕೆಲಸದಲ್ಲಿದ್ದರು. ಯಾವ ಬಂಡೆಯ ಹತ್ತಿರ ಯಾರ ಕುಲದ ದೇವರಿದೆ ಎಂದು ಗೊತ್ತಿರುವವರೂ, ನಕ್ಷೆಯನ್ನು ಕಚೇರಿಯ ಮೇಜಿನ ಮೇಲೆ ಇಟ್ಟು ಮಾತಾಡುವವರೂ ಒಂದೇ ಜನವಾಗಿದ್ದರು. ಆ ಗೆಲುವಿನ ಗುಟ್ಟು ಇದೇ ಎಂದು ನಾನು ನಂಬಿದ್ದೇನೆ.

ಹಕ್ಕುಪತ್ರ ಬಂದ ಮೇಲೂ ಕೆಲಸ ಇದೆ, ಜಾಸ್ತಿಯೇ ಇದೆ. ಕಾಡು ನೋಡಿಕೊಳ್ಳಲು ಗ್ರಾಮಸಭೆ ಯೋಜನೆ ಬರೆಯಬೇಕು. ಮೊದಲು ಹಿರಿಯರು ವರ್ಷದ ಶುರುವಿನಲ್ಲಿ ತರಗು ಬೆಂಕಿ ಹಾಕುತ್ತಿದ್ದರು. ಒಣಗಿದ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ ಅದು. ಬೆಂಕಿ ನಿಂತ ಮೇಲೆ ಲಾಂಟಾನ ಕಳೆ ಹಬ್ಬಿತು, ನೆಲ್ಲಿ ಮರಕ್ಕೆ ಬದನಿಕೆ ಎಂಬ ಪರಾವಲಂಬಿ ಗಿಡ ಹತ್ತಿತು ಎಂದು ಅವರು ಹೇಳುತ್ತಾರೆ. ಯಾವ ಕಾಡಿಗೆ, ಯಾವ ತಿಂಗಳು, ಗಾಳಿ ಹೇಗಿರಬೇಕು, ಎಲ್ಲ ಅವರಿಗೆ ಗೊತ್ತು. ಆ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನನಗೆ ನಿದ್ದೆ ಕೆಡಿಸುವ ವಿಷಯ ಇದು.

ನಮ್ಮ ಟ್ರಸ್ಟು ಮೊದಲು ಒಂದು ತಪ್ಪು ಮಾಡಿತ್ತು, ಹೇಳಿಬಿಡುತ್ತೇನೆ. ಪಟ್ಟಣದಿಂದ ಓದಿದವರನ್ನು ಕರೆತಂದು ಪೋಡುಗಳಿಗೆ ಕಳಿಸುತ್ತಿದ್ದೆವು. ಒಳ್ಳೆಯ ಮಕ್ಕಳು, ಮನಸ್ಸಿಟ್ಟು ದುಡಿದರು. ವರ್ಷ ಮುಗಿಯಿತು, ಊರಿಗೆ ಹೊರಟರು. ಫೈಲು ನಮ್ಮ ಬೀರುವಿನಲ್ಲಿ ಉಳಿಯಿತು, ಕಲಿತದ್ದು ಅವರ ಜೊತೆ ಹೋಯಿತು. ಪೋಡಿನ ಯಜಮಾನರೊಬ್ಬರು ಬೇಸರದಿಂದಲೇ ಕೇಳಿದರು, “ನಮ್ಮ ಮಕ್ಕಳಿಗೆ ಆ ಸಂಬಳ ಕೊಟ್ಟಿದ್ದರೆ ಇಲ್ಲೇ ಇರುತ್ತಿರಲಿಲ್ಲವಾ?” ಆ ಮಾತಿನಿಂದ ಈ ಫೆಲೋಶಿಪ್ ಹುಟ್ಟಿತು.

ಆದ್ದರಿಂದ ಫೆಲೋಗಳನ್ನು ಆರಿಸುವುದು ನಾವಲ್ಲ, ಗ್ರಾಮಸಭೆ. ಇಂಗ್ಲಿಷ್ ಬರಬೇಕಿಲ್ಲ, ಡಿಗ್ರಿ ಬೇಕಿಲ್ಲ. ಏನು ಕೆಲಸ ಮಾಡಬೇಕೆಂದು ಹೇಳುವುದೂ ಗ್ರಾಮಸಭೆಯೇ. ಒಂದು ಊರಿಗೆ ಅರ್ಜಿಗಳು ಮುಖ್ಯ, ಇನ್ನೊಂದಕ್ಕೆ ಆಶ್ರಮ ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ಕಳಿಸುವುದು, ಮತ್ತೊಂದಕ್ಕೆ ಜೇನಿಗೆ ಸರಿಯಾದ ಬೆಲೆ. ಎಂಟರಲ್ಲಿ ಕನಿಷ್ಠ ನಾಲ್ವರು ಹೆಣ್ಣುಮಕ್ಕಳಿರಬೇಕು ಎಂಬುದೊಂದೇ ನಮ್ಮ ಷರತ್ತು. ಕಾಡಿನ ಸೊಪ್ಪು, ಗೆಡ್ಡೆ, ಹಣ್ಣು ಹೆಣ್ಣುಮಕ್ಕಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಸಭೆಯಲ್ಲಿ ಮಾತ್ರ ಹಿಂದೆ ಕೂರುತ್ತಾರೆ. ಅವರು ಮುಂದೆ ಬರಬೇಕು.

ಈಗ ಲೆಕ್ಕ. ಒಬ್ಬ ಫೆಲೋಗೆ ತಿಂಗಳಿಗೆ 15,000 ರೂಪಾಯಿ. ಬಸ್ಸು, ಜೆರಾಕ್ಸ್, ಫೋನಿಗೆ 2,000. ವರ್ಷಕ್ಕೆ 2,04,000. ಎಂಟು ಮಂದಿಗೆ 16,32,000 ರೂಪಾಯಿ. ಕಾನೂನು ಮತ್ತು ನಕ್ಷೆ ಕೆಲಸ ಕಲಿಸುವ ಶಿಬಿರಗಳ ಖರ್ಚನ್ನು, ಕಚೇರಿ ಖರ್ಚನ್ನು ಟ್ರಸ್ಟಿಗಳೇ ನೋಡಿಕೊಳ್ಳುತ್ತೇವೆ. ನೀವು ಕೊಟ್ಟದ್ದು ಪೂರ್ತಿ ಫೆಲೋಗಳ ಬ್ಯಾಂಕ್ ಖಾತೆಗೆ ಹೋಗುತ್ತದೆ.

ಒಬ್ಬರ ಒಂದು ದಿನಕ್ಕೆ 567 ರೂಪಾಯಿ ಆಗುತ್ತದೆ. ಅಷ್ಟೇ ಕೊಡಿ, ಸಂತೋಷ. ಒಂದು ತಿಂಗಳಿನದು 17,000. ಗೆಳೆಯರು ನಾಲ್ಕೈದು ಮಂದಿ ಸೇರಿ ಒಬ್ಬರ ಇಡೀ ವರ್ಷ ನೋಡಿಕೊಂಡರೆ ಇನ್ನೂ ಒಳ್ಳೆಯದು. ಪ್ರತಿ ಹಣಕ್ಕೂ ರಸೀದಿ ಕೊಡುತ್ತೇವೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈ ದಾನಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ, ಆದರೆ 2,000ಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಹೊರದೇಶದಲ್ಲಿ ಇದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಕನ್ನಡಿಗರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ತೆಗೆದುಕೊಳ್ಳಲು ನಮಗೆ ಅನುಮತಿ ಇಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಮೂರು ತಿಂಗಳಿಗೊಮ್ಮೆ ಫೆಲೋಗಳು ತಮ್ಮ ಗ್ರಾಮಸಭೆಯ ಮುಂದೆ ನಿಂತು ಏನು ಮಾಡಿದೆವು, ಏನು ಆಗಲಿಲ್ಲ ಎಂದು ಹೇಳುತ್ತಾರೆ. ವರದಿ ನಮಗೆ ಬರುವುದು ಅದಾದ ಮೇಲೆ. ಊರಿನವರು ಒಪ್ಪಿದರೆ ನೀವೂ ಅಂದು ಬಂದು ಕೂರಬಹುದು. ಹಾರ, ವೇದಿಕೆ, ಫೋಟೊ ಏನೂ ಇರುವುದಿಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರಿನ ಊಟ ಇರುತ್ತದೆ. ಬರುವುದಾದರೆ ಒಂದು ವಾರ ಮೊದಲು ತಿಳಿಸಿ. ಕಾಡಿನ ಚೆಕ್‌ಪೋಸ್ಟ್ ಸಂಜೆ ಮುಚ್ಚುವುದರಿಂದ ಬೆಳಿಗ್ಗೆಯೇ ಹೊರಡಬೇಕಾಗುತ್ತದೆ.