ಪರದೆಯ ಹಿಂದೆ ದುಡಿದ ಕೈಗಳಿಗೆ ವಂದನೆ

ನಾಟಕದ ಪರದೆ ಬರೆಯುವ, ಕಿರೀಟ, ಗದೆ, ಭುಜಕೀರ್ತಿ ಕಟ್ಟುವ ಕೆಲಸದಲ್ಲಿ ನಾನು ನಲವತ್ತು ವರ್ಷ ಪೂರೈಸಿದ್ದಕ್ಕಾಗಿ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಶಾಲು ಹೊದಿಸಿ ಹರಸಿದ ಕಲಾವಿದರಿಗೂ, ಹಳ್ಳಿಗಳಿಂದ ಬಂದಿದ್ದ ಬಯಲಾಟದ ಮೇಳದವರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ರಂಗನಟ ಬಳ್ಳಾರಿ ರಾಘವರ (1880–1946) ಹೆಸರು ಹೊತ್ತ ಆ ಮಂದಿರದಲ್ಲಿ ಏಣಿ ಹತ್ತಿ ಪರದೆ ಕಟ್ಟುತ್ತಿದ್ದವನಿಗೆ ದೊರೆತ ಈ ಗೌರವದಲ್ಲಿ ಹಲವರ ಪಾಲಿದೆ.

ಈಗ ನಮ್ಮೊಂದಿಗಿಲ್ಲದ ನನ್ನ ಗುರುಗಳು ಕಂಪನಿ ನಾಟಕಗಳ ಕಾಲದವರು. ಅಂಟು ಬೆರೆಸಿದ ಪುಡಿಬಣ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ, ಹಸಿಯಲ್ಲಿರುವಾಗಲೇ ಅದರ ಒಣಗಿದ ರೂಪವನ್ನು ಕಾಣುವುದನ್ನು ಅವರು ಕಲಿಸಿದರು. ದರ್ಬಾರ್ ಪರದೆಯ ಕಂಬಗಳು ದೂರ ಸರಿದಂತೆಲ್ಲ ಕಿರಿದಾಗುತ್ತವೆ. ಹೀಗಾಗಿ ಪರದೆಗೆ ತೀರಾ ಹತ್ತಿರ ನಿಂತ ನಟ ಅರಮನೆಯ ಬಾಗಿಲಿಗಿಂತ ಎತ್ತರವಾಗಿ ಕಂಡುಬಿಡುತ್ತಾನೆ. ಆದ್ದರಿಂದ ನಟ ಎಲ್ಲಿಯವರೆಗೆ ಹಿಂದೆ ಸರಿಯುತ್ತಾನೆಂದು ತಿಳಿದುಕೊಳ್ಳದೆ ಅವರು ಕುಂಚ ಹಿಡಿಯುತ್ತಿರಲಿಲ್ಲ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಋಣವೂ ನನ್ನ ಮೇಲಿದೆ. ಹಗುರ ಮರದ ಮೇಲೆ ಅಂಟು, ಕಲ್ಲಿನ ಪುಡಿಗಳಿಂದ ಅವರು ಮೂರ್ತಿಯ ಒಡವೆಗಳನ್ನು ಎಬ್ಬಿಸುವುದನ್ನು ನೋಡಿಯೇ ನನ್ನ ಕಿರೀಟಗಳಿಗೆ ಉಬ್ಬು ಬಂದದ್ದು. ದೊಡ್ಡಾಟದ ಭೀಮ ರಾತ್ರಿಯಿಡೀ ಕುಣಿಯಬೇಕು. ಅವನ ಗದೆ ನೋಡುವವರಿಗೆ ಭಾರ, ಹಿಡಿದವನಿಗೆ ಹಗುರವಾಗಿರಬೇಕು. ಮಣ್ಣಿನ ಗಡಿಗೆಯ ಮೇಲೆ ಪದರ ಪದರವಾಗಿ ಹಳೆಯ ಕಾಗದ ಅಂಟಿಸಿ, ಒಣಗಿದ ಮೇಲೆ ಸೀಳಿ ಬಿಡಿಸಿ, ಮತ್ತೆ ಕೂಡಿಸಿ, ಬಿದಿರಿನ ಹಿಡಿಕೆಗೆ ಕೂರಿಸುತ್ತಿದ್ದೆವು. ಆ ಕಾಗದ ಅಂಟಿಸಿದವಳು ನನ್ನ ಹೆಂಡತಿ. ಕರಪತ್ರಗಳಲ್ಲಿ ಅವಳ ಹೆಸರು ಎಂದೂ ಅಚ್ಚಾಗಲಿಲ್ಲ.

2020ರ ಯುಗಾದಿಯ ಹೊತ್ತಿಗೆ ಕೊರೊನಾದಿಂದ ಜಾತ್ರೆಗಳೂ ನಾಟಕಗಳೂ ನಿಂತು, ಮರುವರ್ಷವೂ ನಾಟಕಗಳ ಸುಗ್ಗಿ ಕೈತಪ್ಪಿದಾಗ, ಯಾವ ನಾಟಕ ಯಾವಾಗ ಆಡುತ್ತೇವೆಂಬುದೂ ಗೊತ್ತಿಲ್ಲದೆ ಮುಂಗಡ ತಂದುಕೊಟ್ಟ ರೈತ ಕಲಾವಿದರನ್ನು ನಾನು ಮರೆಯಲಾರೆ. ಅವರ ಮನೆಗಳಲ್ಲೂ ಆಗ ಕಷ್ಟವೇ ಇತ್ತು. ಅನಂತರವೂ ಅಗ್ಗದ ಫ್ಲೆಕ್ಸ್ ಬಿಟ್ಟು ಬಟ್ಟೆಯ ಪರದೆಯನ್ನೇ ಕೇಳಿ ಬಂದರು. ಫ್ಲೆಕ್ಸಿನ ನುಣುಪು ದೀಪದ ಬೆಳಕನ್ನು ಪ್ರೇಕ್ಷಕರ ಕಣ್ಣಿಗೇ ಹೊಡೆಯುತ್ತದೆ. ಬಟ್ಟೆಯ ಮೇಲಿನ ಪುಡಿಬಣ್ಣ ಬೆಳಕನ್ನು ಹೀರಿ ನಟನ ಮುಖವನ್ನು ಎದ್ದು ಕಾಣಿಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ನನ್ನಲ್ಲಿ ಉಳಿದಿರುವ ಕಾಡು, ಬೀದಿ, ದರ್ಬಾರ್ ಪರದೆಗಳನ್ನು ಇನ್ನು ಮುಂದೆ ಯಾವ ಹಳ್ಳಿಯ ಮೇಳದವರಾದರೂ ಬಾಡಿಗೆಯಿಲ್ಲದೆ ಒಯ್ಯಬಹುದು. ಮಡಚಿದರೆ ಬಣ್ಣ ಬಿರಿಯುವುದರಿಂದ ದಯವಿಟ್ಟು ಬಿದಿರುಗಳಕ್ಕೆ ಸುತ್ತಿ, ತೇವ ತಾಗದಂತೆ ಇಡಬೇಕೆಂದು ಕೋರುತ್ತೇನೆ.